ಮಾಸ್ತರಿಕೆ ಬಿಡಲಿಲ್ಲ, ಕೇರಿಯನ್ನೂ ಬಿಡಲಿಲ್ಲ

(ಗೋಕಾಕದ ಸಭೆಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರನ್ನು ಕುರಿತು ಆಡಿದ ಮಾತು)



ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಕಡೆಯಿಂದ ಬಂದೀರಿ. ಸಂತೋಷ. ಆದರೆ ಒಳಗ ಬರುವಾಗ ಬಾಗಿಲದಾಗ ನಿಂತು ನೋಡಿದೆ, ಬ್ಯಾನರು ಮೂರು. ಮೂರರ ಮೇಲೂ ದಲಿತ ಸಂಘರ್ಷ ಸಮಿತಿ ಅಂತನೇ ಐತಿ. ಮೂರರ ಮೇಲೂ ಒಬ್ಬರದೇ ಫೋಟೋ. ಸಂಚಾಲಕರ ಹೆಸರು ಮಾತ್ರ ಬ್ಯಾರೆ ಬ್ಯಾರೆ. ಒಂದರ ಮೇಲೆ ನೋಂದಣಿ ನಂಬರೂ ಐತಿ, 47/74-75. ಫೋಟೋದಾಗ ಇರುವ ಮನುಷ್ಯನ ಬಗ್ಗೆ ಮಾತಾಡು ಅಂತ ನನ್ನ ಕರೆಸೀರಿ. ಮಾತಾಡತೀನಿ. ನಂಬರಿನ ಬಗ್ಗೆನೂ ಮಾತಾಡತೀನಿ, ಸಿಟ್ಟಾಗಬ್ಯಾಡ್ರಿ.

ಕೃಷ್ಣಪ್ಪನವರು ಹುಟ್ಟಿದ್ದು 1938ರ ಜೂನ್ 9ರಂದು, ಹರಿಹರದಲ್ಲಿ, ಬಡ ಮಾದಿಗ ಕುಟುಂಬದಲ್ಲಿ. ಕನ್ನಡ ಎಂ.ಎ. ಮಾಡಿದರು. ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ನೌಕರಿ ಪೂರ್ತಿ ಅದೇ ಮಾಸ್ತರಿಕೆ. ಆ ಕಾಲಕ್ಕೆ ನಮ್ಮ ಜನದೊಳಗ ಕಾಲೇಜಿನಾಗ ಪಾಠ ಹೇಳುವ ನೌಕರಿ ಅಂದರೆ ಏನು? ತಿಂಗಳಾದರೆ ಸಂಬಳ, ಮೈಮೇಲೆ ಇಸ್ತ್ರಿ ಅಂಗಿ, ಊರೊಳಗೆ ಬಾಡಿಗೆ ಮನೆ. ಕೇರಿಗೆ ಬೆನ್ನು ಮಾಡಿ ಹೋಗಲಿಕ್ಕೆ ಇದಕ್ಕಿಂತ ಸರಳ ದಾರಿ ಯಾವುದೈತಿ?

ನನ್ನ ವಿಷಯ ಹೇಳಿಬಿಡತೀನಿ. ನಾನೂ ಕಾಲೇಜು ಮಾಸ್ತರನೇ. ನೌಕರಿಯ ಹೊಸತರಲ್ಲಿ ಒಂದು ಊರಾಗ ಮನೆ ಕೇಳಾಕ ಹೋದೆ. ಯಜಮಾನರು "ನೀವು ಯಾವ ಪೈಕಿ?" ಅಂದರು. ಸುಳ್ಳು ಹೇಳಿದೆ, ಮನೆ ಸಿಕ್ಕಿತು. ಒಂದು ತಿಂಗಳಿಗೆ ನಮ್ಮವ್ವ ರೊಟ್ಟಿ ಗಂಟು ಕಟಗೊಂಡು ಬಂದಳು. "ಮನೆಯವರ ಮುಂದ ಮಾತಾಡಬ್ಯಾಡವ್ವ" ಅಂದೆ. ಅವ್ವ ಏನೂ ಅನ್ನಲಿಲ್ಲ, ಮರುದಿನ ಮುಂಜಾನೆ ಬಸ್ಸಿಗೆ ಹೋದಳು. ಆ ಮನೆಯೊಳಗ ನಾನು ನಾಲ್ಕು ವರ್ಷ ಇದ್ದೆ. ಆಕಿ ಮತ್ತ ಬರಲಿಲ್ಲ. ಇದನ್ನು ಯಾಕ ಹೇಳಿದೆ ಅಂದರೆ, ಕೃಷ್ಣಪ್ಪನವರನ್ನು ಹೊಗಳುವ ಮೊದಲು ಹೊಗಳುವವನ ಯೋಗ್ಯತೆ ನಿಮಗೆ ಗೊತ್ತಿರಲಿ ಅಂತ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಐತಿ ಅಂದರು. ಒಂದು ಮಾತಿಗೆ ರಾಜ್ಯವೇ ಎದ್ದು ಕುಣಿಯಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಆಗ ಕನ್ನಡ ಸಾಹಿತ್ಯವನ್ನೇ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಈ ಮಾಸ್ತರು ಬಸವಲಿಂಗಪ್ಪನವರ ಕಡೆ ನಿಂತರು. ಸುಮ್ಮನೆ ಇದ್ದಿದ್ದರೆ ಯಾರೂ ಕೇಳತಿರಲಿಲ್ಲ. ಮುಂದೆ 1974ರಲ್ಲಿ ಭದ್ರಾವತಿಯಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಕೃಷ್ಣಪ್ಪನವರು ಮೊದಲ ರಾಜ್ಯ ಸಂಚಾಲಕರು. ಭದ್ರಾವತಿ ಅಂದರೆ ಕಬ್ಬಿಣ, ಕಾಗದದ ಕಾರ್ಖಾನೆ ಊರು. ಗೋಕಾಕ ಫಾಲ್ಸ್ ಮಿಲ್ಲಿನ ಭೋಂಗಾ ಕೇಳಿ ಬೆಳೆದವರಿಗೆ ಅಂಥಾ ಊರು ಹೆಂಗಿರತೈತಿ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ಸಂಘಟನೆಯೊಳಗ ಯಾರು ಬಂದರು ನೋಡ್ರಿ. ಹರಿಹರದ ಮಾದಿಗರ ಮನೆಯ ಕೃಷ್ಣಪ್ಪ, ಹೊಲೆಯರ ಮನೆಯಿಂದ ದೇವನೂರ ಮಹಾದೇವ, ಸಿದ್ಧಲಿಂಗಯ್ಯ. ಮೈಸೂರಿನಿಂದ 'ಪಂಚಮ' ಪತ್ರಿಕೆ. 1975ರಲ್ಲಿ ಸಿದ್ಧಲಿಂಗಯ್ಯನವರ ಪುಸ್ತಕ ಬಂತು, ಹೆಸರು 'ಹೊಲೆಮಾದಿಗರ ಹಾಡು'. ಎರಡು ಕೇರಿಯ ಹೆಸರು ಒಂದೇ ಉಸಿರಿನಲ್ಲಿ! ನಮ್ಮ ಊರುಗಳಲ್ಲಿ ಹೊಲೇರ ಓಣಿಯ ಬಾವಿಗೆ ಮಾದರ ಓಣಿಯವರು ಕೊಡ ಇಳಿಸಬೇಕಾದರೆ ಎಷ್ಟು ಜಗಳ ಆಗ್ಯಾವ, ಹಿರಿಯರನ್ನ ಕೇಳ್ರಿ. ಸಂವಿಧಾನ ಸಭೆಯ ಮೊದಲ ಧ್ಯೇಯ ನಿರ್ಣಯದೊಳಗ ಬಂಧುತ್ವ ಅನ್ನುವ ಮಾತು ಇರಲಿಲ್ಲ. ಬಾಬಾಸಾಹೇಬರ ಕರಡು ಸಮಿತಿ ಅದನ್ನು ಪೀಠಿಕೆಗೆ ಸೇರಿಸಿತು. ಕೃಷ್ಣಪ್ಪನವರು ಆ ಮಾತನ್ನ ಹಿಡಕೊಂಡು ಕೇರಿಯಿಂದ ಕೇರಿಗೆ ತಿರುಗಿದರು ಅಂತ ನನಗ ಅನಿಸತೈತಿ. ಭೂಮಿಯ ಹೋರಾಟ ಇರಲಿ, ಸಾರಾಯಿ ಅಂಗಡಿ ವಿರುದ್ಧ ಇರಲಿ, ಅದರ ಬೇರು ಇದೇ.

ಚಂದ್ರಗುತ್ತಿ ನೆನಪಿರಲಿ. ಸೊರಬ ತಾಲೂಕಿನ ಚಂದ್ರಗುತ್ತಿಯ ರೇಣುಕಾಂಬೆಗೆ ನಮ್ಮ ಹೆಣ್ಣುಮಕ್ಕಳನ್ನು ಬೆತ್ತಲೆ ಮೆರೆಸುತ್ತಿದ್ದರು. ಸೇವೆಯಂತೆ! 1986ರ ಮಾರ್ಚಿನಲ್ಲಿ ಸಮಿತಿಯವರು ತಡೆಯಲು ಹೋದರು. ಹುಚ್ಚೆದ್ದ ಗುಂಪು ಕಾರ್ಯಕರ್ತರನ್ನು ಹೊಡೆಯಿತು, ಪೊಲೀಸರನ್ನೂ ಬಿಡಲಿಲ್ಲ, ಮಹಿಳಾ ಪೊಲೀಸರ ಬಟ್ಟೆ ಕಿತ್ತಿತು. ಆಮೇಲೆ ಸರಕಾರ ಬೆತ್ತಲೆ ಸೇವೆ ನಿಷೇಧಿಸಿತು. ಆ ರೇಣುಕೆ ನಮಗೆ ಪರಕೀಯಳಲ್ಲ. ನಮ್ಮ ಸವದತ್ತಿ ಎಲ್ಲಮ್ಮನೇ ಆಕಿ. ದೇವದಾಸಿ ನಿಷೇಧದ ಕಾಯ್ದೆ 1982ರಲ್ಲೇ ಆಗಿತ್ತು. ಕಾಯ್ದೆ ಆದ ಮೇಲೂ ಮುತ್ತು ಕಟ್ಟಿಸಿಕೊಂಡ ಅಕ್ಕಂದಿರು ಈ ಮೂರು ತಾಲೂಕಿನೊಳಗ ಇಲ್ಲ ಅಂತ ಯಾರಾದರೂ ಎದೆ ಮುಟ್ಟಿ ಹೇಳ್ರಿ.

ಮರುವರ್ಷ, 1987ರಲ್ಲಿ, ನಮ್ಮದೇ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. ಸಮಿತಿ ರಾಜ್ಯದ ತುಂಬ ಬೀದಿಗೆ ಇಳಿಯಿತು. 1989ರಲ್ಲಿ ಬಂದ ದೌರ್ಜನ್ಯ ತಡೆ ಕಾಯ್ದೆ ತೆಗೆದು ನೋಡ್ರಿ, ಅಪರಾಧಗಳ ಪಟ್ಟಿಯ ಮೊದಲನೆಯದೇ ತಿನ್ನಬಾರದ್ದನ್ನು ತಿನ್ನಿಸುವುದು. ಆ ಸಾಲು ಓದುವಾಗೆಲ್ಲ ನನಗ ಬೆಂಡಿಗೇರಿ ಕಣ್ಣ ಮುಂದ ಬರತೈತಿ.

ಇನ್ನು ಒಡಕಿನ ಮಾತು. ಚುನಾವಣಾ ರಾಜಕೀಯಕ್ಕೆ ಹೋಗಬೇಕೋ ಬೇಡವೋ ಅನ್ನುವ ಜಗಳದಲ್ಲಿ ಸಂಘಟನೆ ಒಡೆಯಿತು, ಬಣದೊಳಗ ಬಣ ಹುಟ್ಟಿತು. ಇದರಲ್ಲಿ ಕೃಷ್ಣಪ್ಪನವರದು ಏನೂ ತಪ್ಪಿಲ್ಲ ಅಂತ ನಾನು ಹೇಳೋದಿಲ್ಲ. ಅವರನ್ನು ದೇವರು ಮಾಡಿ ಕಾಯಿ ಒಡೆದರೆ ಅವರಿಗೇ ಅವಮಾನ. 1997ರ ಏಪ್ರಿಲ್ 30ರಂದು ಅವರು ತೀರಿಕೊಂಡದ್ದು ಗದಗಿನಲ್ಲಿ. ಭದ್ರಾವತಿಯಲ್ಲೂ ಅಲ್ಲ, ಹರಿಹರದಲ್ಲೂ ಅಲ್ಲ.

ಅವರು ಹೋದ ಮೇಲೆ ನಮಗೆ ಉಳಿದದ್ದು ಆ ನಂಬರು. ಯಾರ ಬ್ಯಾನರು ಅಸಲಿ, ಯಾರದು ನಕಲಿ! 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಳಮೀಸಲಾತಿ ಕೊಡಬಹುದು ಅಂತ ಹೇಳಿತು. ಅದು ಮಾದಿಗರ ನ್ಯಾಯವಾದ ಹಕ್ಕು, ನಾನು ಹೊಲೆಯರ ಮನೆಯವ ಆಗಿ ಹೇಳತೀನಿ. ಆದರೆ ಪಾಲು ಹಂಚಿಕೊಂಡ ಮೇಲೆ ಅಣ್ಣತಮ್ಮಂದಿರು ಒಂದು ಕಟ್ಟಿಮ್ಯಾಲೆ ಕೂಡಬೇಕೋ, ಬ್ಯಾಡೋ? ಹೊಲ ಹಂಚಿಕೊಂಡವರೂ ಅವ್ವ ಸತ್ತರೆ ಕೂಡಿ ಹೊರತಾರಲ್ಲ.

ಇಲ್ಲಿ ಮಾಸ್ತರರು ಇದ್ದೀರಿ, ಕ್ಲಾರ್ಕರು ಇದ್ದೀರಿ, ಬ್ಯಾಂಕಿನವರೂ ಇದ್ದೀರಿ. ನನ್ನದು ಒಂದೇ ಬೇಡಿಕೆ. ಆಯಿತವಾರ ಎರಡು ತಾಸು, ನಿಮ್ಮ ಓಣಿಯಲ್ಲಲ್ಲ, ಇನ್ನೊಂದು ಓಣಿಯೊಳಗ ಹೋಗಿ ಹುಡುಗರಿಗೆ ಪಾಠ ಹೇಳಬೇಕು. ಹೊಲೆಯರು ಮಾದರ ಓಣಿಗೆ, ಮಾದರು ಸಮಗಾರರ ಓಣಿಗೆ. ಅವರು ಕೊಟ್ಟ ಚಹಾ ಕುಡಿದು ಬರಬೇಕು. ವಹಿ ಇಲ್ಲೇ ಮೇಜಿನ ಮೇಲೈತಿ, ಮೊದಲನೇ ಹೆಸರು ನಂದೇ ಬರದೀನಿ. ಮೂಡಲಗಿ ಕಡೆಯ ಬಸ್ಸಿಗೆ ಇನ್ನೂ ಅರ್ಧ ತಾಸು ಐತಿ, ಅಷ್ಟರೊಳಗ ಬರ್ರಿ. ಬ್ಯಾನರು ಯಾರದೇ ಇರಲಿ.