ರಟ್ಟು, ಚಿತ್ರಪಟ, ಪಾಠ: ಹಾಸನದ ಪುರಾತನ ಗ್ರಂಥ ಪ್ರದರ್ಶನದ ಉದ್ಘಾಟನಾ ಭಾಷಣ



ಹಳೆಯ ಗ್ರಂಥಗಳ ಸಂಗ್ರಹವೆಂದರೆ ಚರ್ಮದ ಹೊದಿಕೆ, ಚಿನ್ನದಕ್ಷರದ ಬೆನ್ನು ಮತ್ತು ಚಿತ್ರಪಟಗಳಿಂದ ಕಪಾಟನ್ನು ಸಿಂಗರಿಸುವ ಹವ್ಯಾಸವೆಂದು ಭಾವಿಸುವವರುಂಟು. ಕನ್ನಡದ ಮಟ್ಟಿಗೆ ಕಟ್ಟು, ಕಾಗದ, ಚಿತ್ರಗಳೆಲ್ಲವೂ ಕೃತಿಪಾಠದ ಚರಿತ್ರೆಗೆ ಆಧಾರಗಳಾಗಿರುವುದರಿಂದ, ಸಂಗ್ರಾಹಕನ ಮೇಲೆ ಅವುಗಳನ್ನು ಒಟ್ಟಾಗಿ ಉಳಿಸುವ ಹೊಣೆಯಿದೆ.

ಅಚ್ಚಿಗೂ ಹಿಂದಿನ ಉದಾಹರಣೆಯೊಂದು ಈ ನಾಡಿನ ಅರಸರ ಕಾಲದ್ದೇ ಆಗಿದೆ. ಮೂಡುಬಿದಿರೆಯಲ್ಲಿ ಉಳಿದುಬಂದಿರುವ, ಪ್ರಾಕೃತದ ಜೈನ ಗ್ರಂಥವಾದ ಷಟ್ಖಂಡಾಗಮದ ಸಂಪ್ರದಾಯದ ಸಚಿತ್ರ ತಾಳೆಗರಿ ಪ್ರತಿಗಳು 12ನೆಯ ಶತಮಾನದ ಹೊಯ್ಸಳ ಕಾಲದವು. ಹಳಗನ್ನಡ ಲಿಪಿಯ ಸಾಲುಗಳೂ ವರ್ಣಚಿತ್ರಗಳೂ ಒಂದೇ ಗರಿಯ ಮೇಲೆ ಕೂಡಿಕೊಂಡಿರುವ ಅವುಗಳಲ್ಲಿ ಚಿತ್ರವನ್ನು ಪಾಠದಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ.

ಕಾಗದದ ಯುಗ ಬಂದಾಗಲೂ ಕೈಬರಹದ ನಂಟು ಕೂಡಲೇ ಕಡಿಯಲಿಲ್ಲ. ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ 1848ರಿಂದ ಮಂಗಳೂರಿನಲ್ಲಿ, ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಅವರ ಧನಸಹಾಯದಿಂದ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಕಲ್ಲಚ್ಚಿನಿಂದ ಹೊರತಂದರು. ಜಿಡ್ಡಿನ ಮಸಿಯಲ್ಲಿ ಬರೆದುದನ್ನು ಕಲ್ಲಿಗೆ ಇಳಿಸಿ, ನೀರಿಗೂ ಜಿಡ್ಡಿಗೂ ಸೇರದ ಗುಣವನ್ನು ಬಳಸಿಕೊಂಡು ಮುದ್ರಿಸುವ ಈ ಪದ್ಧತಿಯಲ್ಲಿ ಪ್ರತಿ ಪುಟವೂ ಲಿಪಿಕಾರನ ಕೈಗುಣವನ್ನು ತೋರುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಕುರಿತ 'ಎಪಿಗ್ರಾಫಿಯಾ ಕರ್ನಾಟಿಕಾ'ದ 2ನೆಯ ಸಂಪುಟ ಇನ್ನಷ್ಟು ಹತ್ತಿರದ ನಿದರ್ಶನ. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ 144 ಶಾಸನಗಳಿದ್ದರೆ, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500ಕ್ಕೆ ಏರಿದವು. ಗೊಮ್ಮಟನನ್ನು ಸ್ತುತಿಸುವ ಬೊಪ್ಪಣ ಕವಿಯ ಕನ್ನಡ ಕಾವ್ಯವೂ ಈ ಶಾಸನರಾಶಿಗೆ ಸೇರಿರುವುದರಿಂದ ಸಾಹಿತ್ಯಾಸಕ್ತರಿಗೂ ಇದು ಬೇಕಾದ ಗ್ರಂಥ. ಹೊಸ ಆವೃತ್ತಿ ಹಿಗ್ಗಿದೊಡನೆ ಹಳೆಯದು ನಿರುಪಯೋಗಿಯಾಗುವುದಿಲ್ಲ; ವಿದ್ವಾಂಸರು ಯಾವ ಅಕ್ಷರವನ್ನು ಮೊದಲು ಹೇಗೆ ಓದಿದರು, ನಂತರ ಎಲ್ಲಿ ತಿದ್ದಿಕೊಂಡರು ಎಂಬುದು ಎರಡನ್ನೂ ಎದುರುಬದುರು ಇಟ್ಟಾಗಲೇ ತಿಳಿಯುತ್ತದೆ.

ಆದ್ದರಿಂದ ಚಿತ್ರಪಟಗಳನ್ನು ಕತ್ತರಿಸಿ ಬಿಡಿಯಾಗಿ ಮಾರುವುದೂ, ಹಳೆಯ ರಟ್ಟನ್ನು ಎಸೆದು ಹೊಸ ಕಟ್ಟು ಹಾಕಿಸುವುದೂ, ಒಡೆತನದ ಸಹಿಯಿರುವ ಹಾಳೆಯನ್ನು ಕೀಳುವುದೂ ಗ್ರಂಥದ ಚರಿತ್ರೆಯನ್ನೇ ಅಳಿಸಿದಂತೆ. ಮಳೆಗಾಲದ ತೇವ ಮತ್ತು ಗೆದ್ದಲಿನಿಂದ ದೂರವಿಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿ ಗಾಳಿಯಾಡುವಂತೆ ಜೋಡಿಸಿ, ಆಗಾಗ್ಗೆ ತೆರೆದು ಪರೀಕ್ಷಿಸುವುದು ಯಾವ ಮನೆಗೂ ಅಸಾಧ್ಯವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಅಟ್ಟಗಳಲ್ಲಿ ಉಳಿದಿರಬಹುದಾದ ಗ್ರಂಥಗಳನ್ನು ಅವುಗಳ ಒಡೆಯರು ರದ್ದಿಗೆ ಹಾಕುವ ಮೊದಲು ಬಲ್ಲವರಿಗೆ ತೋರಿಸಲಿ ಎಂಬ ಕೋರಿಕೆಯೊಂದಿಗೆ ಈ ಪ್ರದರ್ಶನವನ್ನು ಉದ್ಘಾಟಿಸಲಾಗಿದೆ.