ಕಡತವೂ ಅದರ ಸೂಚಿಯೂ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮನ್ನು ಹೆತ್ತ ನಾಡೂ ನಮಗೆ ಅನ್ನವಿತ್ತ ಈ ನಾಡೂ 1956ರ ನವೆಂಬರ್ 1ರಂದು, ಒಂದೇ ದಿನ, ಹೊಸ ರೂಪ ತಳೆದವು. ಆದ್ದರಿಂದ ಎರಡಕ್ಕೂ ಸಲ್ಲುವ ವಿಷಯವೊಂದನ್ನು ಇಂದು ಅರಿಕೆ ಮಾಡಿಕೊಳ್ಳುತ್ತೇವೆ. ಅದು ಬ್ಲಾಕ್‌ಚೈನ್ ಎಂಬ ಹೊಸ ಕಡತ ಮತ್ತು ಅದಕ್ಕೆ ಸೂಚಿ ಬರೆಯುವ ಕೆಲಸ.

ಹಳ್ಳಿಯ ಲೆಕ್ಕವನ್ನು ನಮ್ಮಲ್ಲಿ ಶಾನುಭೋಗರೂ ಇಲ್ಲಿ ಕರಣಂ ಅವರೂ ಇಡುತ್ತಿದ್ದುದನ್ನು ಹಿರಿಯರು ಬಲ್ಲಿರಿ. ಲೆಕ್ಕ ಊರಿನದು; ಆದರೆ ಯಾವ ಹೊಲದ ವಿವರ ಯಾವ ಪುಟದಲ್ಲಿದೆ ಎಂಬುದು ಅವರಿಗೇ ಗೊತ್ತು. ಪುಟ ತೆಗೆದು ತೋರಿಸುವವರ ಕೈಯಲ್ಲೇ ಅಧಿಕಾರವಿತ್ತು. ವಂಶಪಾರಂಪರ್ಯದ ಹಳ್ಳಿ ಹುದ್ದೆಗಳು ನಮ್ಮಲ್ಲಿ 1961ರ ಕಾನೂನಿನಿಂದ ರದ್ದಾದವು. ಇಲ್ಲಿ ಕರಣಂ ಹುದ್ದೆ 1984ರಲ್ಲಿ ಹೋಯಿತು. ಮುಂದೆ ಕರ್ನಾಟಕದ 'ಭೂಮಿ' ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. 2016ರಲ್ಲಿ ಈ ವಿಶಾಖಪಟ್ಟಣದಲ್ಲಿ ಫಿನ್‌ಟೆಕ್ ವ್ಯಾಲಿ ಆರಂಭವಾಯಿತು. ಮರುವರ್ಷ ಆಂಧ್ರ ಸರ್ಕಾರವು ಭೂದಾಖಲೆಯನ್ನು ಬ್ಲಾಕ್‌ಚೈನಿನಲ್ಲಿಡುವ ಪ್ರಯೋಗಕ್ಕೆ ಸ್ವೀಡನ್ನಿನ ಕ್ರೋಮಾವೇ ಸಂಸ್ಥೆಯೊಡನೆ ಕೈಜೋಡಿಸಿತು. ವಿಜಯವಾಡದ ನೆರೆಯ ಅಮರಾವತಿಯಲ್ಲಿ ರೈತರು 30,000 ಎಕರೆಗೂ ಮಿಕ್ಕಿ ಭೂಮಿಯನ್ನು ರಾಜಧಾನಿಗಾಗಿ ಒಪ್ಪಿಸಿ, ಬದಲಿಗೆ ನಿವೇಶನದ ಹಕ್ಕು ಪಡೆದರು. ಅಂಥ ಹಕ್ಕಿಗೆ ದಾಖಲೆಯೇ ಉಸಿರು.

ಬ್ಲಾಕ್‌ಚೈನ್ ಎಂದರೆ ಹಲವರ ಬಳಿ ಪ್ರತಿಯಿರುವ ಕಡತ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತಿರುತ್ತದೆ. ಹಳೆಯ ಒಂದಕ್ಷರ ತಿದ್ದಿದರೂ ಗುರುತು ತಪ್ಪಿ ಮೋಸ ಬಯಲಾಗುತ್ತದೆ. ಆದರೆ ನಮೂದುಗಳು ನಡೆದ ಕ್ರಮದಲ್ಲೇ ಬಿದ್ದಿರುತ್ತವೆ. ಒಂದು ಸರ್ವೆ ನಂಬರಿನ ಜಮೀನು ಯಾರ್ಯಾರ ಕೈ ದಾಟಿತೆಂದು ತಿಳಿಯಲು ಮೊದಲ ಪುಟದಿಂದ ಓದಬೇಕು. ಹಾಗೆ ನಮ್ಮ ಪರವಾಗಿ ಓದಿ, ಬೇಕಾದುದನ್ನು ಆರಿಸಿ, ಪಟ್ಟಿಯಾಗಿ ಜೋಡಿಸಿಡುವ ತಂತ್ರಾಂಶವೇ ಇಂಡೆಕ್ಸರ್.

ಕಡತವನ್ನು ಗುಟ್ಟಾಗಿ ತಿದ್ದಲಾಗದು, ಸೂಚಿಯನ್ನು ತಿದ್ದಬಹುದು! ಸೂಚಿಯಲ್ಲಿ ಬಿಟ್ಟುಹೋದ ನಮೂದು ಹುಡುಕುವವನ ಪಾಲಿಗೆ ಇಲ್ಲದಂತೆಯೇ. ಸೂಚಿ ಒಬ್ಬರ ಕೈಯಲ್ಲೇ ಉಳಿದರೆ ಹಳೆಯ ಶಾನುಭೋಗಿಕೆ ಹೋಗಿ ಯಂತ್ರದ ಶಾನುಭೋಗಿಕೆ ಬಂದಂತಾದೀತು. ಹಲವರು ಬೇರೆ ಬೇರೆಯಾಗಿ ಸೂಚಿ ನಡೆಸಿ ಹೋಲಿಸಿ ನೋಡುವುದೇ ಇದಕ್ಕೆ ಮದ್ದು. ಇನ್ನೊಂದು ಮಾತು: ಮೊದಲೇ ಸುಳ್ಳು ಬರೆದರೆ ಸರಪಳಿಯು ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಪ್ರಾಮಾಣಿಕತೆಯನ್ನು ಯಂತ್ರ ಕೊಡಲಾರದು.

ಸರ್ಕಾರದ ಕಡತಕ್ಕೆ ನಾವು ಕೈಹಾಕುವಂತಿಲ್ಲ. ಆದರೆ 2015ರಲ್ಲಿ ಆರಂಭವಾದ ಎಥೀರಿಯಮ್ ಎಲ್ಲರೂ ಓದಬಹುದಾದ ಸರಪಳಿ. ಅದಕ್ಕೆ ಸೂಚಿ ಬರೆಯುವ ಗ್ರಾಫ್ ನೋಡ್ ಎಂಬ ತಂತ್ರಾಂಶದ ಮೂಲ ಬರಹವೂ ತೆರೆದಿದೆ. ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಅದನ್ನು ನಡೆಸಿ ಕಲಿಯಬಹುದು. ಡಿಸ್ಕ್ ತುಂಬಿತೇ, ಸೂಚಿ ಎಷ್ಟು ಪುಟ ಹಿಂದೆ ಬಿದ್ದಿತು ಎಂದು ನಿತ್ಯ ನೋಡಬೇಕು. ಸರಪಳಿಯ ತುದಿಯ ಪುಟಗಳು ಒಮ್ಮೊಮ್ಮೆ ಬದಲಾಗುತ್ತವೆ. ಆಗ ಸೂಚಿಯೂ ಹಿಂದೆ ಸರಿದು ಮತ್ತೆ ಬರೆದುಕೊಂಡಿತೇ ಎಂದು ಪರೀಕ್ಷಿಸಬೇಕು. ಕಂಡ ದೋಷವನ್ನು ವಿವರವಾಗಿ ಬರೆದು ತಿಳಿಸುವುದೂ, ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆಯುವುದೂ ಸೇವೆಯೇ.

ಇಲ್ಲಿ ನಮಗೊಂದು ವಿಶೇಷ ಪಾಲಿದೆ. ಊರಿನ ಪಹಣಿ ಕನ್ನಡದಲ್ಲಿ, ಇಲ್ಲಿನ ಅಡಂಗಲ್ ತೆಲುಗಿನಲ್ಲಿ. ನಮ್ಮ ಹೆಸರಿನ ಮುಂದೆ ಊರಿನದೋ ತಂದೆಯದೋ ಮೊದಲಕ್ಷರ. ತೆಲುಗರಲ್ಲಿ ಮನೆತನದ ಹೆಸರು. ಒಬ್ಬನೇ ಮನುಷ್ಯ ಎರಡು ಕಡತಗಳಲ್ಲಿ ಇಬ್ಬರಾಗಿ ಕಾಣುವುದು ಹೀಗೆ. ಎರಡು ಲಿಪಿಗಳನ್ನೂ ಎರಡು ರೂಢಿಗಳನ್ನೂ ಬಲ್ಲವರೇ ಇಂಥ ಹುಡುಕಾಟವನ್ನು ಸರಿಪಡಿಸಬಲ್ಲರು. ಅಂಥವರು ಈ ಸಭೆಯಲ್ಲಿ ತುಂಬ ಜನರಿದ್ದೀರಿ.

ಮಕ್ಕಳಿಗೆ ಕನ್ನಡ ಕಲಿಸಿದರೆ ಏನು ಪ್ರಯೋಜನವೆಂದು ಕೇಳುವವರಿಗೆ ಇದೂ ಒಂದು ಉತ್ತರ. ಅಜ್ಜನ ಹೊಲದ ಪಹಣಿಯನ್ನು ಓದಬಲ್ಲ ಮೊಮ್ಮಗಳು ನಾಳೆ ಎರಡು ನಾಡಿನ ಕಡತಗಳಿಗೂ ನಂಬಿಕೆಯ ಸೂಚಿ ಬರೆಯಲಿ ಎಂದು ಹಾರೈಸುತ್ತೇವೆ.