ಹಿಮ್ಮಡಿಯ ಹಿಂದಿನ ನೋವು



ಕಾಲೇಜಿನ ಕ್ರೀಡಾಕೂಟಕ್ಕೆ ಇನ್ನು ಮೂರೇ ವಾರವಿದೆ ಎನ್ನುವಾಗ, ಅಥವಾ ಸೇನೆಯ ಆಯ್ಕೆಗೆ 1600 ಮೀಟರ್ ಓಡಬೇಕು ಎಂದು ತಿಳಿದಾಗ, ನಮ್ಮಲ್ಲಿ ಬಹಳ ಮಂದಿ ಮಾಡುವ ಕೆಲಸ ಒಂದೇ. ಅದುವರೆಗೆ ಬೆಂಚಿನ ಮೇಲೆ ಕುಳಿತು ಓದುತ್ತಿದ್ದವರು ಮರುದಿನ ನಸುಕಿನಲ್ಲೇ ಎದ್ದು, ಮೈದಾನಕ್ಕೆ ಹೋಗಿ, ಏದುಸಿರು ಬರುವಷ್ಟು ಓಡುತ್ತಾರೆ. ಮೊದಲ ವಾರ ಉತ್ಸಾಹದಲ್ಲಿ ಕಳೆದುಹೋಗುತ್ತದೆ. ಎರಡನೆಯ ವಾರದ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲೂರಿದಾಗ ಹಿಮ್ಮಡಿಯ ಹಿಂಭಾಗ ಹಿಡಿದುಕೊಂಡಂತಾಗುತ್ತದೆ. ಹತ್ತು ಹೆಜ್ಜೆ ಕುಂಟಿದ ಮೇಲೆ ನೋವು ಸಡಿಲವಾಗುತ್ತದೆ. ಏನೂ ಆಗಿಲ್ಲವೆಂದುಕೊಂಡು ಮತ್ತೆ ಓಡುತ್ತಾರೆ. ಮರುದಿನ ನೋವು ಇನ್ನಷ್ಟು ಹೆಚ್ಚುತ್ತದೆ.

ಆಗ ಸುತ್ತಲಿನವರಿಂದ ಎರಡು ಬಗೆಯ ಸಲಹೆಗಳು ಬರುತ್ತವೆ. "ನೋವಿದ್ದರೂ ಓಡು, ಕಾಲು ತಾನಾಗಿ ಪಳಗುತ್ತದೆ" ಎನ್ನುವವರು ಕೆಲವರು. "ನರ ಹಿಡಿದಿದೆ, ಎರಡು ತಿಂಗಳು ಕಾಲು ಅಲುಗಿಸಬೇಡ" ಎನ್ನುವವರು ಇನ್ನು ಕೆಲವರು. ಈ ಎರಡೂ ಸಲಹೆಗಳು ಸರಿಯಲ್ಲ. ಈ ನೋವಿಗೆ ಬೇಕಾದದ್ದು ಅಳತೆಯಲ್ಲಿ ಕೊಡುವ, ಮೆಲ್ಲಮೆಲ್ಲನೆ ಹೆಚ್ಚಿಸುವ ಕೆಲಸ. ಅದು ಏಕೆ ಮತ್ತು ಹೇಗೆ ಎಂಬುದನ್ನು ನೋಡೋಣ.

ಮೊದಲು ನೋಯುವ ಭಾಗದ ಪರಿಚಯ ಮಾಡಿಕೊಳ್ಳೋಣ. ನಿಮ್ಮ ಹಿಮ್ಮಡಿಯ ಮೇಲ್ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ನೋಡಿ. ಗಟ್ಟಿಯಾದ ಹಗ್ಗದಂಥ ಒಂದು ಭಾಗ ಸಿಗುತ್ತದೆ. ಜನ ಇದನ್ನು ನರ ಎನ್ನುತ್ತಾರೆ. ಆದರೆ ಇದು ನರವಲ್ಲ, ಸ್ನಾಯುರಜ್ಜು. ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿದು ಕಟ್ಟಿರುವ ಹಗ್ಗ. ಮೀನಖಂಡದ ಎರಡು ದೊಡ್ಡ ಸ್ನಾಯುಗಳು ಕೆಳಗೆ ಬಂದು ಒಂದಾಗಿ, ಈ ರಜ್ಜುವಿನ ಮೂಲಕ ಹಿಮ್ಮಡಿಯ ಮೂಳೆಯನ್ನು ಸೇರುತ್ತವೆ. ಇದರ ಉದ್ದ ಸುಮಾರು 15 ಸೆಂಟಿಮೀಟರ್. ನಮ್ಮ ದೇಹದಲ್ಲಿರುವ ಸ್ನಾಯುರಜ್ಜುಗಳಲ್ಲೆಲ್ಲ ಇದೇ ಅತಿ ದಪ್ಪ, ಅತಿ ಬಲಶಾಲಿ. ಓಡುವಾಗ ದೇಹದ ತೂಕದ ಆರರಿಂದ ಎಂಟು ಪಟ್ಟು ಸೆಳೆತ ಇದರ ಮೇಲೆ ಬೀಳುತ್ತದೆ. 50 ಕಿಲೋ ತೂಗುವ ವಿದ್ಯಾರ್ಥಿ ಓಡುತ್ತಿದ್ದರೆ, ಪ್ರತಿ ಹೆಜ್ಜೆಗೂ 300ರಿಂದ 400 ಕಿಲೋ ಭಾರವನ್ನು ಈ ಹಗ್ಗ ತಾಳಿಕೊಳ್ಳುತ್ತದೆ ಎಂದಾಯಿತು!

ಇದಕ್ಕೆ ಅಕಿಲಿಸ್ ಸ್ನಾಯುರಜ್ಜು ಎಂದು ಹೆಸರು. ಗ್ರೀಕ್ ಪುರಾಣದ ವೀರ ಅಕಿಲಿಸನನ್ನು ಅವನ ತಾಯಿ ಥೆಟಿಸ್ ಮಗುವಾಗಿದ್ದಾಗ ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳಂತೆ. ನೀರು ತಾಕಿದ ಮೈಯೆಲ್ಲ ವಜ್ರಕಾಯವಾಯಿತು. ಕೈ ಹಿಡಿದಿದ್ದ ಹಿಮ್ಮಡಿಯೊಂದು ಹಾಗೆಯೇ ಉಳಿಯಿತು. ಕೊನೆಗೆ ಬಾಣ ತಾಗಿದ್ದು ಅಲ್ಲಿಗೇ. ನಮ್ಮಲ್ಲಿ ಶ್ರೀಕೃಷ್ಣನ ಪಾದಕ್ಕೆ ಬೇಡನ ಬಾಣ ತಾಗಿದ ಕಥೆ ನಿಮಗೆ ನೆನಪಾಗಬಹುದು. ಫ್ಲೆಮಿಷ್ ಅಂಗರಚನಾ ವಿಜ್ಞಾನಿ ಫಿಲಿಪ್ ವೆರ್‌ಹೇಯನ್ 1693ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಭಾಗಕ್ಕೆ ಆ ವೀರನ ಹೆಸರನ್ನು ಬಳಸಿದನು.

ಇಷ್ಟು ಬಲಶಾಲಿಯಾದ ಹಗ್ಗ ನೋಯುವುದೇಕೆ? ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿಕೊಂಡು ಈ ರಜ್ಜು ಆಗಿದೆ. ಸ್ನಾಯುವಿಗೆ ಸಿಗುವಷ್ಟು ರಕ್ತ ಇದಕ್ಕೆ ಸಿಗುವುದಿಲ್ಲ. ಆದ್ದರಿಂದ ಹೊಸ ಕೆಲಸಕ್ಕೆ ಸ್ನಾಯು ಕೆಲವೇ ವಾರಗಳಲ್ಲಿ ಒಗ್ಗಿಕೊಂಡರೆ, ರಜ್ಜುವಿಗೆ ತಿಂಗಳುಗಳೇ ಬೇಕು. ಉಸಿರು ಸುಧಾರಿಸಿತು, ತೊಡೆಗೆ ಬಲ ಬಂತು ಎಂದು ನೀವು ಓಟದ ದೂರವನ್ನು ಒಮ್ಮೆಲೇ ಎರಡರಷ್ಟು ಮಾಡುತ್ತೀರಿ. ಹಿಂದೆ ಬಿದ್ದ ರಜ್ಜು ಸೋಲುತ್ತದೆ. ಎಳೆಗಳ ಒಪ್ಪವಾದ ಜೋಡಣೆ ಕೆಡುತ್ತದೆ, ರಜ್ಜು ದಪ್ಪವಾಗುತ್ತದೆ, ಮುಟ್ಟಿದರೆ ನೋಯುತ್ತದೆ. ಹಿಂದೆ ವೈದ್ಯರು ಇದನ್ನು ಕೇವಲ ಉರಿಯೂತವೆಂದು ತಿಳಿದಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತಕ್ಕಿಂತ ಎಳೆಗಳ ಈ ಅಸ್ತವ್ಯಸ್ತತೆಯೇ ಹೆಚ್ಚಾಗಿ ಕಂಡುಬಂತು. ಉರಿಯೂತ ಇಳಿಸುವ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೂ ಕಾಯಿಲೆ ಬಿಟ್ಟುಹೋಗದಿರುವುದಕ್ಕೆ ಇದೇ ಕಾರಣ.

ಇಲ್ಲಿ ನಿಮ್ಮ ವಯಸ್ಸಿನವರು ತಿಳಿಯಲೇಬೇಕಾದ ಒಂದು ಸಂಗತಿಯಿದೆ. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣ ಏರಿತ್ತು. ಆ ಕಾಲದವರ ದೇಹದ ಅಂಗಾಂಶಗಳಲ್ಲಿ ಅದರ ಗುರುತು ಉಳಿದಿದೆ. ಡೆನ್ಮಾರ್ಕಿನ ವಿಜ್ಞಾನಿಗಳು ಈ ಗುರುತನ್ನೇ ಗಡಿಯಾರವಾಗಿ ಬಳಸಿ ಅಕಿಲಿಸ್ ರಜ್ಜುವಿನ ವಯಸ್ಸನ್ನು ಅಳೆದು, 2013ರಲ್ಲಿ ಪ್ರಕಟಿಸಿದರು. ರಜ್ಜುವಿನ ತಿರುಳು ಮನುಷ್ಯನ ಮೊದಲ 17 ವರ್ಷಗಳಲ್ಲಿ ರೂಪುಗೊಳ್ಳುತ್ತದೆ, ಆಮೇಲೆ ಅದು ಹೊಸದಾಗುವುದು ಬಹಳ ಕಡಿಮೆ ಎಂಬುದು ಅವರು ಕಂಡುಕೊಂಡ ಸತ್ಯ. ಅಂದರೆ ಇಂದು ನಿಮ್ಮ ಕಾಲಿನಲ್ಲಿರುವ ಈ ಹಗ್ಗವೇ ನಿಮ್ಮ ಅರವತ್ತನೆಯ ವಯಸ್ಸಿಗೂ ಜೊತೆಯಾಗಿರಬೇಕು. ಅದನ್ನು ಜೋಪಾನ ಮಾಡುವುದು ಎಷ್ಟು ಅಗತ್ಯ ಎಂಬುದನ್ನು ನೀವೇ ಯೋಚಿಸಿ.

ಹಿಮ್ಮಡಿಯ ಹಿಂದೆ ನೋವು ಬಂದಾಕ್ಷಣ ಅದು ಇದೇ ಕಾಯಿಲೆ ಎಂದು ನಿರ್ಧರಿಸಬಾರದು. ಸುಮಾರು 8ರಿಂದ 14 ವರ್ಷದ ಮಕ್ಕಳಲ್ಲಿ ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಆಟದ ಎಳೆತಕ್ಕೆ ಆ ಬೆಳವಣಿಗೆಯ ಜಾಗವೇ ನೋಯಬಹುದು. ಆಟವನ್ನು ಸ್ವಲ್ಪ ಕಡಿಮೆ ಮಾಡಿದರೆ ಇದು ಗುಣವಾಗುತ್ತದೆ, ಗಾಬರಿ ಬೇಡ. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇದ್ದು, ಜೊತೆಗೆ ಸೊಂಟ, ಬೆನ್ನೂ ಹಿಡಿದುಕೊಳ್ಳುತ್ತಿದ್ದರೆ ಅದು ಕೀಲುವಾತದ ಸೂಚನೆಯಾಗಿರಬಹುದು. ಎರಡೂ ಕಾಲುಗಳ ರಜ್ಜುಗಳು ಗಂಟುಗಂಟಾಗಿ ದಪ್ಪವಾಗಿದ್ದರೆ, ವಂಶದಲ್ಲಿ ಬಂದ ಅತಿಯಾದ ಕೊಲೆಸ್ಟರಾಲ್ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕಾಗುತ್ತದೆ. ಇನ್ನೊಂದು ಮಾತು: ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಮುಂತಾದ ಔಷಧಗಳು ಅಪರೂಪಕ್ಕೆ ಈ ರಜ್ಜುವಿಗೆ ಹಾನಿ ಮಾಡುತ್ತವೆ. ಈ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಔಷಧದ ಮೇಲೆಯೇ ಎಚ್ಚರಿಕೆ ಮುದ್ರಿಸಲು ಆದೇಶಿಸಿತು. ಇಂಥ ಮಾತ್ರೆ ಸೇವಿಸುವಾಗ ಹಿಮ್ಮಡಿ ನೋಯತೊಡಗಿದರೆ ಕೂಡಲೇ ವೈದ್ಯರಿಗೆ ತಿಳಿಸಿ. ಔಷಧದ ಅಂಗಡಿಯಲ್ಲಿ ತಾವೇ ಕೇಳಿ ಕೊಂಡು ನುಂಗುವ ಅಭ್ಯಾಸವಂತೂ ಬೇಡವೇ ಬೇಡ.

ಈಗ ಆರೈಕೆಯ ವಿಷಯ. ಮೊದಲ ಒಂದೆರಡು ವಾರ ಓಟ, ಜಿಗಿತ, ಗುಡ್ಡ ಹತ್ತುವುದು ಇವನ್ನು ನಿಲ್ಲಿಸಿ. ನಡೆದಾಡುವುದನ್ನು ನಿಲ್ಲಿಸಬೇಡಿ. ಸಮತಟ್ಟಾದ ನೆಲದಲ್ಲಿ ಸೈಕಲ್ ತುಳಿಯಬಹುದು, ಈಜಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಟ್ಟರೆ ನೋವಿಗೆ ಸಮಾಧಾನ ಸಿಗುತ್ತದೆ. ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಸಣ್ಣ ಮೆತ್ತೆ ಇಟ್ಟುಕೊಂಡರೆ ರಜ್ಜುವಿನ ಮೇಲಿನ ಎಳೆತ ತಗ್ಗುತ್ತದೆ. ಇವೆಲ್ಲ ತಾತ್ಕಾಲಿಕ ಉಪಶಮನಗಳು. ನಿಜವಾದ ಚಿಕಿತ್ಸೆ ವ್ಯಾಯಾಮ.

ಈ ವ್ಯಾಯಾಮ ಪ್ರಸಿದ್ಧವಾದ ಬಗೆ ಸ್ವಾರಸ್ಯಕರವಾಗಿದೆ. ಸ್ವೀಡನ್ನಿನ ಉಮೆಯೊ ನಗರದ ಮೂಳೆ ಶಸ್ತ್ರವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಅವರಿಗೇ ಈ ನೋವಿತ್ತು. ಅವರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಬಯಸಿದಾಗ, ಅಷ್ಟಕ್ಕೆಲ್ಲ ರಜೆ ಕೊಡಲಾಗದೆಂದು ಅವರ ಮೇಲಧಿಕಾರಿ ಒಪ್ಪಲಿಲ್ಲವಂತೆ. ರಜ್ಜು ಹರಿದೇ ಹೋದರೆ ಶಸ್ತ್ರಚಿಕಿತ್ಸೆ ಮಾಡಲೇಬೇಕಾಗುತ್ತದಲ್ಲ ಎಂದು ಅವರು ಹಟದಿಂದ ಹಿಮ್ಮಡಿಗೆ ಭಾರ ಕೊಡುತ್ತ ಹೋದರು. ರಜ್ಜು ಹರಿಯಲಿಲ್ಲ, ನೋವೇ ಮಾಯವಾಯಿತು! 1998ರಲ್ಲಿ ಅವರು, ಬಹುಕಾಲದಿಂದ ನರಳುತ್ತಿದ್ದ 15 ಮಂದಿ ಹವ್ಯಾಸಿ ಕ್ರೀಡಾಪಟುಗಳಿಗೆ 12 ವಾರ ಇದೇ ವ್ಯಾಯಾಮ ಮಾಡಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಆ 15 ಮಂದಿಯೂ ಮತ್ತೆ ಓಡುವಂತಾಗಿದ್ದರು.

ವ್ಯಾಯಾಮ ಹೀಗಿದೆ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗವನ್ನು ಮಾತ್ರ ಊರಿ, ಗೋಡೆ ಅಥವಾ ಕಟಾಂಜನ ಹಿಡಿದು ನಿಲ್ಲಿ. ಎರಡೂ ಕಾಲಿನ ಬಲದಿಂದ ತುದಿಗಾಲಿಗೆ ಏರಿ. ಭಾರವನ್ನೆಲ್ಲ ನೋಯುವ ಕಾಲಿಗೆ ಬಿಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲ ಮಟ್ಟಕ್ಕಿಂತ ಕೆಳಗೆ ಇಳಿಸಿ. ಮೇಲೇಳಲು ಇನ್ನೊಂದು ಕಾಲಿನ ಸಹಾಯ ಪಡೆಯಿರಿ. ಮಂಡಿ ನೇರವಾಗಿಟ್ಟು 15 ಸಲ, ಹೀಗೆ ಮೂರು ಸುತ್ತು. ಮಂಡಿಯನ್ನು ಸ್ವಲ್ಪ ಬಾಗಿಸಿ ಮತ್ತೆ 15ರ ಮೂರು ಸುತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ ಒಟ್ಟು 180 ಸಲ, ಹೀಗೆ 12 ವಾರ. ಇದು ಸುಲಭವೆನಿಸಿದಾಗ ಬೆನ್ನಿಗೆ ನಿಮ್ಮ ಪುಸ್ತಕದ ಚೀಲವನ್ನೇ ಏರಿಸಿಕೊಳ್ಳಿ. ವಾರ ಕಳೆದಂತೆ ಒಂದೊಂದೇ ಪುಸ್ತಕ ಹೆಚ್ಚಿಸಿ. ಆರಂಭದಲ್ಲಿ ಒಂದು ಕಾಲಿನಲ್ಲಿ ಆಗದಿದ್ದರೆ ಎರಡೂ ಕಾಲಿನಿಂದ ತೊಡಗಿ. ನೋವು ರಜ್ಜುವಿನ ನಡುವೆ ಇರದೆ, ಅದು ಮೂಳೆಯನ್ನು ಸೇರುವಲ್ಲಿ ಇದ್ದರೆ ಮೆಟ್ಟಿಲು ಬೇಡ. ಸಮನೆಲದ ಮೇಲೆಯೇ ಏರಿಳಿಯಿರಿ. ಹಿಮ್ಮಡಿ ನೆಲಕ್ಕಿಂತ ಕೆಳಗಿಳಿದರೆ ಅಲ್ಲಿ ಒತ್ತಡ ಹೆಚ್ಚುತ್ತದೆ. ದಿನವೂ ಮಾಡಲು ಸಮಯವಿಲ್ಲದವರು ವಾರಕ್ಕೆ ಮೂರು ದಿನ, ಹೆಚ್ಚು ಭಾರದೊಂದಿಗೆ ಬಹಳ ನಿಧಾನವಾಗಿ ಏರಿಳಿಯುವ ಕ್ರಮವನ್ನು ಫಿಸಿಯೋಥೆರಪಿ ತಜ್ಞರಿಂದ ಕಲಿಯಬಹುದು. ಅದೂ ಇಷ್ಟೇ ಫಲ ಕೊಡುತ್ತದೆಂದು 2015ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ತೋರಿಸಿತು.

ವ್ಯಾಯಾಮ ಮಾಡುವಾಗ ನೋವಾದರೆ ನಿಲ್ಲಿಸಬೇಕೆ? ಇದಕ್ಕೊಂದು ಸರಳ ಅಳತೆಗೋಲಿದೆ. ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾಗದ ನೋವಿಗೆ ಹತ್ತು ಎಂದು ಅಂಕ ಕೊಡಿ. ಐದರವರೆಗಿನ ನೋವು ಅಪಾಯಕರವಲ್ಲ. ಆದರೆ ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಏರಿದರೆ ಭಾರ ಇಳಿಸಿ. ಓಟಕ್ಕೆ ಮರಳುವಾಗಲೂ ಇದೇ ಅಳತೆ. ಒಂದು ನಿಮಿಷ ಮೆಲ್ಲನೆ ಓಟ, ಒಂದು ನಿಮಿಷ ನಡಿಗೆ, ನಡುವೆ ಒಂದು ದಿನ ಬಿಡುವು — ಹೀಗೆ ಆರಂಭಿಸಿ. ಕೆಲವರಿಗೆ 12 ವಾರಗಳಲ್ಲಿ ಗುಣವಾದರೆ ಕೆಲವರಿಗೆ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಎರಡು ವಾರಕ್ಕೆ ಬೇಸತ್ತು ಬಿಟ್ಟವರಿಗೆ ಇದು ಫಲ ಕೊಡುವುದಿಲ್ಲ.

ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು, "ನರ ತೆಗೆಸುವುದು" ಬೇಡ. ರಜ್ಜುವಿನೊಳಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿದರೆ ನೋವು ಬೇಗ ಇಳಿಯಬಹುದು; ಆದರೆ ರಜ್ಜು ದುರ್ಬಲವಾಗಿ ಹರಿಯುವ ಸಂಭವವಿದೆ. ಆಯ್ಕೆಯ ದಿನ ಹತ್ತಿರ ಬಂತೆಂದು ನೋವಿನ ಮಾತ್ರೆ ನುಂಗಿ ಓಡುವುದು ಅದಕ್ಕಿಂತಲೂ ಅವಿವೇಕ. ನೋವು ದೇಹದ ಎಚ್ಚರಿಕೆಯ ಗಂಟೆ. ಗಂಟೆಯ ಬಾಯಿ ಕಟ್ಟಿದರೆ ಅಪಾಯ ತಪ್ಪುವುದಿಲ್ಲ.

ಚೀನಾದ ಹರ್ಡಲ್ಸ್ ಓಟಗಾರ ಲಿಯು ಷಿಯಾಂಗ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 12.91 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. 2008ರಲ್ಲಿ, ತಮ್ಮ ದೇಶದಲ್ಲೇ ನಡೆದ ಒಲಿಂಪಿಕ್ಸ್‌ನಲ್ಲಿ, ಈ ರಜ್ಜುವಿನ ನೋವಿನಿಂದ ಓಡದೆ ಹಿಂದಿರುಗಿದರು. 2012ರ ಲಂಡನ್ನಿನಲ್ಲಿ ಮೊದಲ ಹರ್ಡಲಿಗೇ ಬಿದ್ದರು, ರಜ್ಜು ಹರಿದಿತ್ತು. ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಹೋಗಿ ಕೊನೆಯ ಹರ್ಡಲಿಗೆ ಮುತ್ತಿಟ್ಟ ಅವರನ್ನು ಜಗತ್ತೇ ನೋಡಿತು. ಒಲಿಂಪಿಕ್ ವೀರನಾದರೂ ಈ ರಜ್ಜು ರಿಯಾಯಿತಿ ತೋರುವುದಿಲ್ಲ.

ರಜ್ಜು ಹರಿದಾಗ ಹಿಂದಿನಿಂದ ಯಾರೋ ಒದ್ದಂತಾಗುತ್ತದೆ, ಕೆಲವೊಮ್ಮೆ ಟಪ್ಪೆಂಬ ಸದ್ದೂ ಕೇಳಿಸುತ್ತದೆ. ಗಾಯಗೊಂಡವರನ್ನು ಬೋರಲಾಗಿ ಮಲಗಿಸಿ, ಪಾದಗಳು ಮಂಚದ ಹೊರಗೆ ಇಳಿಬಿದ್ದಿರುವಂತೆ ಮಾಡಿ, ಮೀನಖಂಡವನ್ನು ಹಿಸುಕಿದರೆ ಪಾದ ಅಲುಗಬೇಕು. ಅಲುಗದಿದ್ದರೆ ರಜ್ಜು ಹರಿದಿರುವ ಸಂಭವ ಹೆಚ್ಚು. ಕುಂಟುತ್ತ ನಡೆಯಬಲ್ಲೆನೆಂದು ತಡಮಾಡದೆ ಅದೇ ದಿನ ಮೂಳೆ ವೈದ್ಯರನ್ನು ಕಾಣಬೇಕು. ಕೆಲವರಿಗೆ ಶಸ್ತ್ರಚಿಕಿತ್ಸೆ, ಕೆಲವರಿಗೆ ಪಾದವನ್ನು ಕೆಳಮುಖವಾಗಿಸಿ ಹಾಕುವ ಪಟ್ಟಿ ಅಥವಾ ವಿಶೇಷ ಬೂಟು ಸಾಕಾಗುತ್ತದೆ. ಯಾವುದು ಸೂಕ್ತವೆಂದು ವೈದ್ಯರೇ ನಿರ್ಧರಿಸುತ್ತಾರೆ.

ಮುಂದಿನ ವರ್ಷ ಆಯ್ಕೆಗೆ ಹೋಗಬೇಕೆಂದಿರುವವರು ಇಂದಿನಿಂದಲೇ ವಾರಕ್ಕೆ ಮೂರು ದಿನ ತುದಿಗಾಲ ಮೇಲೆ ಏರಿಳಿಯುವ ಅಭ್ಯಾಸ ಮಾಡಿ, ಓಟವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ಹಿಮ್ಮಡಿ ಸವೆದ ಬೂಟನ್ನು ಬದಲಿಸಿ. ಈಗಾಗಲೇ ನೋವಿರುವವರು ಧೈರ್ಯಗೆಡಬೇಡಿ. ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇದು ವಾಸಿಯಾಗುತ್ತದೆ. ಈ ಬಾರಿಯ ಓಟ ತಪ್ಪಿದರೆ ಇನ್ನೊಂದು ಓಟ ಬರುತ್ತದೆ. ಹಿಮ್ಮಡಿಯ ಈ ಹಗ್ಗ ಮಾತ್ರ ಕಾಲಿಗೆ ಒಂದೇ.